ಒಂದು ಹುಟ್ಟಿನ ಅರ್ಜಿ

ಮೀನಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಮೇಜು.
ಅರ್ಜಿಗೆ ಎರಡು ಪೆನ್ನಿ; ಕಾಸಿಲ್ಲದವರಿಗೆ ಆರು ಮೊಟ್ಟೆ.
ಕಿಲ್ರಶ್ ಊರಿನ ಅರ್ಧ ಸಂಕಟ
ನನ್ನ ಕೈಬರಹದಲ್ಲೇ ಡಬ್ಲಿನ್ ಕೋಟೆ ಸೇರಿದೆ.

ಸಬೀನಾ ಕ್ವಿಲ್ಟಿ ಬಂದಾಗೆಲ್ಲ
ಬಾಗಿಲಲ್ಲೇ ನಿಂತು ಶಾಲು ಹಿಂಡುತ್ತಾಳೆ,
ನೆಲ ಒದ್ದೆಯಾದೀತೆಂದು.
ಅವಳಿಗೆ ಇಂಗ್ಲಿಷ್ ಬಾರದು. ಕೋಟೆಗೆ ಐರಿಷ್ ಬಾರದು.
ನಡುವೆ ನಾನು, ಹೆಬ್ಬಾತಿನ ಗರಿ, ಒಂದು ದೌತಿ ಮಸಿ.

ಘನತೆವೆತ್ತ ಲಾರ್ಡ್ ಲೆಫ್ಟಿನೆಂಟರ ಸನ್ನಿಧಿಗೆ
ಬಡ ವಿಧವೆಯ ವಿನಮ್ರ ಬಿನ್ನಹ, ಏನೆಂದರೆ
ಈ 'ಏನೆಂದರೆ'ಯ ತನಕ ನನ್ನ ಕೈ ತಡೆಯುವುದಿಲ್ಲ.
ಮುಂದಿನದು ಅವಳದು.

ಹೇಳುತ್ತಾಳೆ: ಅಂದು ಪಡುವಣ ಗಾಳಿ,
ಬೇಡವೆಂದ ನನ್ನ ಗಂಡ, ಮೂರು ಸಲ ಬೇಡವೆಂದ,
ಸುಂಕದ ಸಾಹೇಬರು ಲಾಂದ್ರ ಎತ್ತಿ ಅವನ ಮುಖ ನೋಡಿದರು.
ಆಮೇಲೆ ಇದ್ದೊಂದು ಜೊತೆ ಬೂಟು ಬಿಚ್ಚಿ
ನೆನೆಯದಿರಲಿ ಎಂದು ನನ್ನ ಕೈಗಿತ್ತ.
ನಾನು ಬರೆಯುತ್ತೇನೆ: ಸರ್ಕಾರದ ಕೆಲಸದಲ್ಲಿರುವಾಗ ಮೃತನಾದ.
ಬೂಟು ಬರೆದೆಯಾ? ಎನ್ನುತ್ತಾಳೆ.
ಬರೆದೆ, ಎನ್ನುತ್ತೇನೆ.

ದೋಣಿಯಲ್ಲಿ ಹೋದವರು ಇಬ್ಬರು.
ಸಾಹೇಬರ ಹೆಂಡತಿಗೆ ವರ್ಷಕ್ಕೆ ನಲವತ್ತು ಪೌಂಡು,
ಚರ್ಚಿನ ಗೋಡೆಯಲ್ಲಿ ಅವರ ಹೆಸರಿನ ಬಿಳಿಗಲ್ಲು.
ಸೆನನ್ ಕ್ವಿಲ್ಟಿ ಬಾಡಿಗೆಯವ,
ಆ ಒಂದು ರಾತ್ರಿಗೆ, ಒಂದು ಶಿಲಿಂಗಿಗೆ.
ಪಟ್ಟಿಯಲ್ಲಿ ಇಲ್ಲದವನು ಮುಳುಗಿದ್ದಾದರೂ ಹೇಗೆ?
ಆ ಶಿಲಿಂಗೂ ಬಾಕಿ.

ಐದು ಅರ್ಜಿ, ನಾಲ್ಕು ವರ್ಷ.
ಉತ್ತರಗಳು ಚಿಕ್ಕವು; ಕಾಗದ ಮಾತ್ರ ಬಲು ದಪ್ಪ.
'ಪರಿಶೀಲಿಸಲಾಯಿತು.' 'ಅವಕಾಶವಿರುವುದಿಲ್ಲ.'
ಒಮ್ಮೆ ನಾನು ಬರೆದದ್ದೇ ಹಿಂತಿರುಗಿತು,
ಬೆನ್ನ ಮೇಲೆ ಯಾರೋ ಗುಮಾಸ್ತನ ಷರಾ: ಅಕ್ಷರ ಚೆಂದ.
ಅದನ್ನು ಅವಳಿಗೆ ಓದಿ ಹೇಳಲಿಲ್ಲ.
ನಿಜ ಹೇಳಬೇಕೆಂದರೆ, ಎತ್ತಿಟ್ಟುಕೊಂಡೆ.

ಆರನೆಯ ಸಲ ಬಂದವಳು ಶಾಲು ಹಿಂಡಲಿಲ್ಲ.
ದುಡ್ಡು ಕೇಳಬೇಡ, ಎಂದಳು, ಸಾಕು.
ಪಂಚನಾಮೆಯ ದಿನ ಪೊಲೀಸರು ಒಯ್ದರಲ್ಲ,
ದಂಡೆಗೆ ಬಂದದ್ದು ಅದೊಂದೇ,
ಅವನ ಹುಟ್ಟು. ಅದನ್ನು ಕೇಳು.

ಸಾವಿಗೆ ಬೆಲೆ ಕಟ್ಟಲಾರದ ದೊರೆಗಳು
ಹುಟ್ಟನ್ನಾದರೂ ಹಿಂತಿರುಗಿಸಲಿ, ಎಂದು ಬರೆದೆ.
ಬರೆದು ಹೊಡೆದುಹಾಕಿದೆ. ಕೋಟೆಗೆ ಚಮತ್ಕಾರ ಹಿಡಿಸದು.
ಆಶ್ ಮರದ ಹುಟ್ಟು ಒಂದು, ಉದ್ದ ಒಂಬತ್ತಡಿ.

ಒಂಬತ್ತೇ ದಿನಕ್ಕೆ ಉತ್ತರ. ಇಷ್ಟು ಬೇಗ ಯಾವತ್ತೂ ಬಂದದ್ದಿಲ್ಲ.
ಉಗ್ರಾಣದಲ್ಲಿ ಅಂಥದೊಂದು ಇರುತ್ತದೆ;
ಅದು ಮೃತನದೇ ಎಂಬುದಕ್ಕೆ
ಅರ್ಜಿದಾರಳು ಪುರಾವೆ ಒದಗಿಸತಕ್ಕದ್ದು.

ಸುಮ್ಮನೆ ಕೇಳಿದಳು.
ಹಿಡಿಯ ಹತ್ತಿರ ಸವೆದಿದೆ, ಎಂದಳು, ಅವನ ಹೆಬ್ಬೆರಳಿನಷ್ಟು.
ಎಷ್ಟಗಲ? ಎಂದೆ, ಗರಿ ಅದ್ದಿ.
ತನ್ನ ಬೆರಳು ತೋರಿಸಿದಳು, ತಲೆಯಾಡಿಸಿದಳು,
ಇದಲ್ಲ, ಇದಕ್ಕಿಂತ, ಎನ್ನುತ್ತ
ಗಾಳಿಯಲ್ಲಿ ಒಂದು ತಗ್ಗನ್ನು ಸವರಿದಳು.
ಇಪ್ಪತ್ತು ವರ್ಷ ಬೇಲಿಯ ಮರೆಯಲ್ಲಿ ಮಕ್ಕಳಿಗೆ
ಇಂಗ್ಲಿಷ್ ಕಲಿಸಿದವನು ನಾನು.
ಆ ಸವರಿದ್ದಕ್ಕೆ ಮಾತು ಸಿಗಲಿಲ್ಲ.

ಇವತ್ತು ಬೆಳಗ್ಗೆ ಮೆಟ್ಟಿಲಿಗೆ ಏನೋ ಬಡಿಯುವ ಸದ್ದು.
ತಿರುವಿನಲ್ಲಿ ಹೊರಳದೆ, ಗೋಡೆಯ ಸುಣ್ಣ ಕೆರೆದುಕೊಂಡು,
ಒಂಬತ್ತಡಿಯ ಮರವನ್ನು ಎಳೆದು ತಂದಳು.
ಒಂದೇ ದಿಮ್ಮಿಯಲ್ಲಿ ಮೂರು ಕೆತ್ತಿದ್ದ, ಎಂದಳು,
ಸರದಿಯ ಮೇಲೆ ಹಾಕುತ್ತಿದ್ದ. ಅಂದು ಎರಡು ಒಯ್ದ.
ಇದು ಅದರ ಒಡಹುಟ್ಟು. ಇದನ್ನು ಅರ್ಜಿಯೊಳಗಿಟ್ಟು ಮಡಿಸು.

ಮೇಜಿಗೆ ಅಡ್ಡಡ್ಡ ಇಟ್ಟಳು. ದೌತಿ ಉರುಳಿತು.
ಮಸಿ ಹಲಗೆಯ ಮೇಲೆ ಹರಿದು
ಆ ಸವೆದ ತಗ್ಗಿನತ್ತ ಹೊರಟಿತು.
ಇಬ್ಬರೂ ಒಟ್ಟಿಗೇ ಕೈ ಅಡ್ಡ ಕೊಟ್ಟೆವು.